ಪೆನ್‌ಡ್ರೈವ್‌ಗೆ ಫರ್ಮ್‌ವೇರ್ ಹಾಕುವಾಗ: ಸ್ಟಾರ್ಟ್ ಒತ್ತುವುದಕ್ಕೂ ಮುಂಚಿನ ಕೆಲಸ

ಬಳ್ಳಾರಿಯ ರಿಪೇರಿ ಅಂಗಡಿಗೆ ಬರುವ ಪೆನ್‌ಡ್ರೈವ್‌ಗಳಲ್ಲಿ ಟ್ರ್ಯಾಕ್ಟರ್ ಟೇಪಿನವು, ಜೀನ್ಸ್ ಯೂನಿಟ್‌ನ ಎಂಬ್ರಾಯ್ಡರಿ ಮಷೀನಿನವು, ಫೋಟೊ ಸ್ಟುಡಿಯೊದವೇ ಹೆಚ್ಚು. ತಂದವರ ಮಾತು ಮಾತ್ರ ಒಂದೇ: "ಅಣ್ಣಾ, ಓಪನ್ ಆಗವಲ್ದು, ಫಾರ್ಮ್ಯಾಟ್ ಹೊಡದು ಕೊಡ್ರಿ." ಫಾರ್ಮ್ಯಾಟ್ ಆಗುವಂತಿದ್ದರೆ ಅವರು ಇಲ್ಲಿತನಕ ಬರುತ್ತಲೇ ಇರಲಿಲ್ಲ. ಡ್ರೈವ್ ಅಕ್ಷರ ಕಾಣಿಸುತ್ತದೆ, ಕ್ಲಿಕ್ ಮಾಡಿದರೆ ಡಿಸ್ಕ್ ಹಾಕಿ ಎನ್ನುತ್ತದೆ. ಇಲ್ಲವೇ ಸೈಜ್ ಸೊನ್ನೆ ತೋರಿಸುತ್ತದೆ, ಅಥವಾ ರೈಟ್ ಪ್ರೊಟೆಕ್ಟೆಡ್ ಎಂದು ಹಟ ಹಿಡಿಯುತ್ತದೆ. ಈ ಮೂರೂ ಫರ್ಮ್‌ವೇರ್, ಅಂದರೆ ಡ್ರೈವ್ ಒಳಗೇ ಕೂತು ಅದನ್ನು ನಡೆಸುವ ಪ್ರೋಗ್ರಾಂ, ಕೆಟ್ಟಿರುವ ಲಕ್ಷಣಗಳೇ, ಆದರೆ ಫರ್ಮ್‌ವೇರ್ ಕೆಟ್ಟಾಗ ಮಾತ್ರ ಹೀಗಾಗುತ್ತದೆ ಎಂದೇನಿಲ್ಲ.

ಎಲ್ಲಕ್ಕಿಂತ ಮೊದಲು ಕೇಳಬೇಕಾದ್ದು ಒಂದೇ. ಒಳಗಿರುವುದು ಬೇಕೇ? ಎಂಪಿ ಟೂಲ್ ಎಂದು ನಾವು ಕರೆಯುವ ಕಾರ್ಖಾನೆಯ ಸಾಫ್ಟ್‌ವೇರ್ ಮೆಮೊರಿ ಚಿಪ್ಪನ್ನು ಪೂರ್ತಿ ಅಳಿಸಿ ಹೊಸದಾಗಿ ಕಟ್ಟುತ್ತದೆ. ಆಮೇಲೆ ಯಾವ ರಿಕವರಿ ಸಾಫ್ಟ್‌ವೇರ್ ಹಾಕಿದರೂ ಹಳೆಯ ಫೈಲ್ ಸಿಗುವುದಿಲ್ಲ. ಮದುವೆ ಫೋಟೊಗಳ ಒಂದೇ ಕಾಪಿ ಅದರಲ್ಲಿದೆ ಎಂದು ಗೊತ್ತಾದರೆ ಅಲ್ಲಿಗೇ ಕೈ ಬಿಡಬೇಕು. ಚಿಪ್ ಬಿಚ್ಚಿ ನೇರವಾಗಿ ಓದುವ ಡೇಟಾ ರಿಕವರಿಯವರ ಕಡೆ ಕಳಿಸಬೇಕು. ಬೇಡ ಎಂದರೆ "ಡೇಟಾ ಹೋಗುತ್ತದೆ" ಎಂದು ಬಿಲ್ಲಿನ ಮೇಲೆ ಬರೆದು ಸಹಿ ತೆಗೆದುಕೊಳ್ಳಿ. ಬಾಯಿಮಾತು ನಾಲ್ಕು ದಿನಕ್ಕೆ ಮರೆತುಹೋಗುತ್ತದೆ, ಜಗಳ ಮಾತ್ರ ಉಳಿಯುತ್ತದೆ.

ಒಳಗೆ ಏನು ಕೆಡುತ್ತದೆ ಅನ್ನುವುದು ಗೊತ್ತಿದ್ದರೆ ಮುಂದಿನ ಹೆಜ್ಜೆಗಳು ತಾವಾಗಿ ಅರ್ಥವಾಗುತ್ತವೆ. ಬೋರ್ಡಿನ ಮೇಲೆ ಮುಖ್ಯವಾದವು ಎರಡು ಚಿಪ್: ಕೆಲಸ ನಡೆಸುವ ಕಂಟ್ರೋಲರ್ ಮತ್ತು ಫೈಲುಗಳು ಕೂರುವ ನ್ಯಾಂಡ್ ಮೆಮೊರಿ. ಕಂಟ್ರೋಲರ್ ಒಳಗೆ ಅಳಿಸಲಾಗದ ಒಂದು ಪುಟ್ಟ ರಾಮ್ (ROM) ಇರುತ್ತದೆ, ಅಂದರೆ ಓದಲು ಮಾತ್ರ ಬರುವ ಮೆಮೊರಿ. ನಿಜವಾದ ಫರ್ಮ್‌ವೇರ್, ಯಾವ ಡೇಟಾ ಯಾವ ಬ್ಲಾಕಿನಲ್ಲಿದೆ ಎನ್ನುವ ಪಟ್ಟಿ, ಕೆಟ್ಟ ಬ್ಲಾಕುಗಳ ಪಟ್ಟಿ, ಈ ಮೂರೂ ಕೂತಿರುವುದು ನ್ಯಾಂಡ್‌ನಲ್ಲೇ, ನಮಗೆ ಕಾಣದ ಜಾಗದಲ್ಲಿ. ಆ ಪಟ್ಟಿ ಬರೆಯುವ ಹೊತ್ತಿಗೆ ಕರೆಂಟ್ ತಪ್ಪಿದರೆ ಅದು ಅರ್ಧಕ್ಕೆ ನಿಲ್ಲುತ್ತದೆ. ಟ್ರ್ಯಾಕ್ಟರ್‌ನಲ್ಲಿ ಪೆನ್‌ಡ್ರೈವ್ ಬೇಗ ಸಾಯುವುದು ಇದೇ ಕಾರಣಕ್ಕೆ. ಸೆಲ್ಫ್ ಹೊಡೆದಾಗ ಬ್ಯಾಟರಿ ವೋಲ್ಟೇಜ್ ಕುಸಿಯುತ್ತದೆ, ಟೇಪ್ ಒಂದು ಕ್ಷಣ ಆರಿ ಹತ್ತುತ್ತದೆ. ಬರೀ ಹಾಡು ಓದುತ್ತಿದ್ದರೂ ಕಂಟ್ರೋಲರ್ ಒಳಗೊಳಗೇ ದುರ್ಬಲ ಬ್ಲಾಕನ್ನು ಬೇರೆ ಕಡೆಗೆ ಸಾಗಿಸುತ್ತಿರಬಹುದು. ಮುಂದಿನ ಸಲ ಚುಚ್ಚಿದಾಗ ಕಂಟ್ರೋಲರ್‌ಗೆ ತನ್ನ ಫರ್ಮ್‌ವೇರ್ ಸಿಗುವುದಿಲ್ಲ, ರಾಮ್‌ನಲ್ಲಿರುವಷ್ಟೇ ಬುದ್ಧಿಯಲ್ಲಿ ಎದ್ದು ಸೊನ್ನೆ ಸೈಜ್ ತೋರಿಸುತ್ತದೆ.

ರೈಟ್ ಪ್ರೊಟೆಕ್ಟ್ ಕೇಸಿನಲ್ಲಿ ಮೊದಲು ಬೇರೆ ಕಂಪ್ಯೂಟರ್‌ಗೆ ಹಾಕಿ, ವಿಂಡೋಸ್‌ನ ಡಿಸ್ಕ್‌ಪಾರ್ಟ್ ಕಮಾಂಡ್‌ನಲ್ಲಿ ರೀಡ್‌ಓನ್ಲಿ ಗುರುತು ತೆಗೆದು ನೋಡಿ. ಅಷ್ಟಕ್ಕೇ ಬಿಟ್ಟರೆ ಫರ್ಮ್‌ವೇರ್ ತಂಟೆಗೆ ಹೋಗುವುದೇ ಬೇಡ. ಬಿಡದಿದ್ದರೆ, ಕೆಟ್ಟವುಗಳ ಬದಲಿಗೆಂದು ಇಟ್ಟ ಬ್ಲಾಕುಗಳು ಮುಗಿದು ಕಂಟ್ರೋಲರ್ ತಾನೇ ಬೀಗ ಹಾಕಿಕೊಂಡಿರುವ ಸಾಧ್ಯತೆ ಹೆಚ್ಚು. ಅಂಥದ್ದರಲ್ಲಿ ಹಳೆಯ ಫೈಲುಗಳನ್ನು ಓದಲು ಬರುತ್ತದೆ. ಟೂಲ್ ತೆರೆಯುವ ಮುಂಚೆ ಕಾಪಿ ಮಾಡಿಕೊಳ್ಳಿ.

ಇನ್ನು ಡಿವೈಸ್ ಮ್ಯಾನೇಜರ್‌ನಲ್ಲಿ ಗುರುತೇ ಸಿಗದ ಯುಎಸ್‌ಬಿ ಸಾಧನ ಎಂದು ಬಂದು, ವಿಐಡಿ (ತಯಾರಕರ ಗುರುತು ಸಂಖ್ಯೆ) 0000, ಪಿಐಡಿ (ಮಾಡೆಲ್‌ನ ಗುರುತು ಸಂಖ್ಯೆ) 0002 ಎಂದು ಕಂಡರೆ ಸಾಫ್ಟ್‌ವೇರ್ ಮುಚ್ಚಿಟ್ಟು ಮಲ್ಟಿಮೀಟರ್ ತೆಗೆಯಬೇಕು. ಕನೆಕ್ಟರ್‌ನ 1ನೇ ಕಾಲು (ಪಿನ್) ಮತ್ತು 4ನೇ ಕಾಲಿನ ನಡುವೆ 5 ವೋಲ್ಟ್ ಇರಬೇಕು. ನಲವತ್ತೆಂಟು ಕಾಲಿನ ನ್ಯಾಂಡ್ ಆದರೆ ಅದರ 12 ಅಥವಾ 37ನೇ ಕಾಲಿನಲ್ಲಿ 3.3 ವೋಲ್ಟ್ ಸಿಗಬೇಕು. 2 ಮತ್ತು 3 ಡೇಟಾ ಕಾಲುಗಳು. ಮೊಣಕಾಲು ತಾಗಿ ಬಾಗಿದ ಡ್ರೈವ್‌ನಲ್ಲಿ ಬಿರುಕು ಬಿಡುವುದು ಸಾಮಾನ್ಯವಾಗಿ ಇವುಗಳ ಬೆಸುಗೆಯೇ. ಭೂತಗನ್ನಡಿಯಲ್ಲಿ ನೋಡಿದರೆ ಕಾಲಿನ ಸುತ್ತ ಕೂದಲೆಳೆಯಷ್ಟು ಕಪ್ಪು ಉಂಗುರ ಕಾಣುತ್ತದೆ. ಸ್ವಲ್ಪ ಫ್ಲಕ್ಸ್ ಹಚ್ಚಿ ನಾಲ್ಕೂ ಕಾಲನ್ನು ಮತ್ತೆ ಕಾಯಿಸಿದರೆ ಎಷ್ಟೋ ಡ್ರೈವ್‌ಗಳು ಡೇಟಾ ಸಮೇತ ಎದ್ದು ಕೂರುತ್ತವೆ. ಹಳೆಯ ಬೋರ್ಡುಗಳಲ್ಲಿ 12 ಮೆಗಾಹರ್ಟ್ಸ್ ಕ್ರಿಸ್ಟಲ್ ಇರುತ್ತದೆ, ಕೆಳಗೆ ಬಿದ್ದ ಪೆಟ್ಟಿಗೆ ಅದೂ ಸಾಯಬಹುದು. ಚುಚ್ಚಿದ ಕೂಡಲೇ ಕಂಟ್ರೋಲರ್ ಬೆರಳು ಸುಡುವಷ್ಟು ಕಾದರೆ ಚಿಪ್ಪೇ ಹೋಗಿದೆ, ವಾಪಸ್ ಕೊಟ್ಟುಬಿಡಿ.

ಇಷ್ಟೂ ಸರಿ ಇದ್ದರೆ ಫರ್ಮ್‌ವೇರ್ ಮಾತು. ಮೇಲಿನ ಕವರಿನ ಹೆಸರು ನೋಡಿ ಟೂಲ್ ಹುಡುಕುವುದು ದಂಡ. ಒಂದೇ ಕಂಪನಿಯ ಒಂದೇ ಮಾಡೆಲ್‌ನಲ್ಲಿ ಈ ಲಾಟ್‌ಗೆ ಫೈಸನ್, ಮುಂದಿನ ಲಾಟ್‌ಗೆ ಸಿಲಿಕಾನ್ ಮೋಷನ್ ಕಂಟ್ರೋಲರ್ ಇರುತ್ತದೆ. ಚಿಪ್‌ಜೀನಿಯಸ್ ಅಥವಾ ಫ್ಲಾಶ್ ಡ್ರೈವ್ ಇನ್ಫರ್ಮೇಶನ್ ಎಕ್ಸ್‌ಟ್ರಾಕ್ಟರ್ ಎಂಬ ಸಾಫ್ಟ್‌ವೇರ್‌ನಲ್ಲಿ ಎರಡು ಸಾಲು ನೋಡಿ: ಕಂಟ್ರೋಲರ್ ನಂಬರ್ ಮತ್ತು ಫ್ಲಾಶ್ ಐಡಿ. ವಿಐಡಿಯೊಂದನ್ನೇ ನಂಬಬೇಡಿ. 058ಎಫ್ ಇದ್ದರೆ ಆಲ್ಕರ್, 090ಸಿ ಇದ್ದರೆ ಸಿಲಿಕಾನ್ ಮೋಷನ್, 13ಎಫ್‌ಇ ಇದ್ದರೆ ಫೈಸನ್ ಎಂದು ಊಹಿಸಬಹುದು, ಆದರೆ ಕಿಂಗ್‌ಸ್ಟನ್‌ನಂಥ ಕಂಪನಿ ತನ್ನದೇ 0951 ಹಾಕಿಕೊಂಡಿರುತ್ತದೆ. ಸಂಶಯ ಬಂದರೆ ಕವರ್ ಬಿಚ್ಚಿ ಚಿಪ್ ಮೇಲಿನ ಅಕ್ಷರ ಓದುವುದೇ ಖಾತ್ರಿ. ಫ್ಲಾಶ್ ಐಡಿಯ ಮೊದಲ ಎರಡು ಅಂಕಿ ನ್ಯಾಂಡ್ ಮಾಡಿದವರನ್ನು ಹೇಳುತ್ತದೆ: 98 ತೋಷಿಬಾ (ಈಗಿನ ಕಿಯೋಕ್ಸಿಯಾ), ಇಸಿ ಸ್ಯಾಮ್‌ಸಂಗ್, ಎಡಿ ಹೈನಿಕ್ಸ್, 2ಸಿ ಮೈಕ್ರಾನ್.

ಎಂಪಿ ಟೂಲ್ ಆರಿಸುವಾಗ ಕಂಟ್ರೋಲರ್ ನಂಬರ್ ಹೊಂದಿದರಷ್ಟೇ ಸಾಲದು. ಆ ಆವೃತ್ತಿಯ ಒಳಗಿನ ಪಟ್ಟಿಯಲ್ಲಿ ನಿಮ್ಮ ಫ್ಲಾಶ್ ಐಡಿಯೂ ಇರಬೇಕು. ಪರಿಚಯವಿಲ್ಲದ ಫ್ಲಾಶ್ ಎಂಬ ಎರರ್ ಬಂದರೆ ಡ್ರೈವ್ ಸತ್ತಿಲ್ಲ. ಟೂಲ್ ಆ ಚಿಪ್ಪಿಗಿಂತ ಹಳೆಯದಾಗಿರಬಹುದು, ಕೆಲವೊಮ್ಮೆ ತೀರಾ ಹೊಸದಾಗಿ ಹಳೆಯ ಚಿಪ್ಪನ್ನು ಕೈಬಿಟ್ಟಿರಬಹುದು. ಫೈಸನ್‌ನಲ್ಲಿ ಇನ್ನೊಂದು ತೊಡಕಿದೆ: ಬರ್ನರ್ ಫೈಲ್ (ಬರೆಯುವ ಕೆಲಸ ನಡೆಸುವುದು), ಫರ್ಮ್‌ವೇರ್ ಫೈಲ್ ಎಂದು ಎರಡು ಬೇಕು, ಎರಡೂ ಅದೇ ಕಂಟ್ರೋಲರ್‌ಗೆ ಸೇರಿದ್ದಾಗಿರಬೇಕು. ಸ್ಯಾನ್‌ಡಿಸ್ಕ್‌ನ ಸ್ವಂತ ಕಂಟ್ರೋಲರ್‌ಗೆ ಹೊರಗೆ ಟೂಲ್ ಸಿಗುವುದಿಲ್ಲ, ಅದನ್ನು ಕೌಂಟರ್‌ನಲ್ಲೇ ಹೇಳಿ ಕಳಿಸಿ.

ಈ ಟೂಲ್‌ಗಳನ್ನು ಬಿಲ್ಲಿಂಗ್ ಕಂಪ್ಯೂಟರ್‌ನಲ್ಲಿ ಓಡಿಸಬೇಡಿ. ಎಲ್ಲೆಲ್ಲಿಂದಲೋ ಇಳಿಸಿಕೊಂಡ ಫೈಲುಗಳವು, ಆಂಟಿವೈರಸ್ ಕೂಗುವುದು ಎಲ್ಲ ಸಲವೂ ಸುಳ್ಳಲ್ಲ. ನೆಟ್ ಇಲ್ಲದ, ವಿಂಡೋಸ್ 7 ಇರುವ ಹಳೆಯ ಲ್ಯಾಪ್‌ಟಾಪ್ ಒಂದನ್ನು ಇದಕ್ಕೇ ಇಡಿ. ಅದರ ಯುಎಸ್‌ಬಿ 2.0 ಪೋರ್ಟ್‌ನಲ್ಲಿ ಹಬ್ ಇಲ್ಲದೆ ನೇರವಾಗಿ ಚುಚ್ಚಿ. ಬೇರೆ ಪೆನ್‌ಡ್ರೈವ್, ಕಾರ್ಡ್ ರೀಡರ್ ಯಾವುದೂ ಹತ್ತಿರ ಇರಬಾರದು. ಟೂಲ್ ಕಾರ್ಖಾನೆಯಲ್ಲಿ ಒಂದೇ ಏಟಿಗೆ ಹಲವು ಡ್ರೈವ್ ಮಾಡಲೆಂದು ಬರೆದದ್ದು. ಅದೇ ಕಂಟ್ರೋಲರ್ ಇರುವ ಇನ್ನೊಬ್ಬ ಗಿರಾಕಿಯ ಡ್ರೈವ್ ಪಕ್ಕದಲ್ಲಿದ್ದರೆ ಅದನ್ನೂ ಸೇರಿಸಿ ಒರೆಸುತ್ತದೆ.

ಕೆಲವು ಡ್ರೈವ್‌ಗಳಲ್ಲಿ ಅರ್ಧ ಕೆಟ್ಟ ಫರ್ಮ್‌ವೇರ್ ಟೂಲ್‌ಗೆ ಉತ್ತರವನ್ನೇ ಕೊಡುವುದಿಲ್ಲ. ಆಗ ಅದನ್ನು ಓದದಂತೆ ತಡೆದು ಕಂಟ್ರೋಲರನ್ನು ರಾಮ್‌ನಿಂದಲೇ ಎಬ್ಬಿಸಬೇಕು. ನ್ಯಾಂಡ್ ಮೇಲೆ ಚುಕ್ಕಿ ಇರುವ ಮೂಲೆ 1ನೇ ಕಾಲು. ಆ ಸಾಲು 24ಕ್ಕೆ ಮುಗಿಯುತ್ತದೆ, ಅದರ ಎದುರಿನದು 25, ಅಲ್ಲಿಂದ ವಾಪಸ್ ಎಣಿಸಿದರೆ ಐದನೆಯದು 29. 29 ಮತ್ತು 30 ಡೇಟಾ ಕಾಲುಗಳು. ಸೂಜಿಯಿಂದ ಇವೆರಡನ್ನೂ ಸೇರಿಸಿ ಹಿಡಿದು ಡ್ರೈವ್ ಚುಚ್ಚಿ, ಕಂಪ್ಯೂಟರ್ ಟಣ್ ಎಂದ ಕೂಡಲೇ ಸೂಜಿ ತೆಗೆಯಿರಿ. ಹಿಡಿದುಕೊಂಡೇ ಸ್ಟಾರ್ಟ್ ಒತ್ತಿದರೆ ಟೂಲ್‌ಗೆ ಫ್ಲಾಶ್ ಐಡಿ ತಪ್ಪಾಗಿ ಕಾಣುತ್ತದೆ. ಕೆಲವಕ್ಕೆ 41–42 ಹಿಡಿಯಬೇಕಾಗುತ್ತದೆ. ಎಣಿಕೆ ಮಾತ್ರ ಎರಡು ಸಲ ಆಗಲಿ: 12–13 ಮತ್ತು 36–37 ಕರೆಂಟ್ ಹಾಗೂ ಗ್ರೌಂಡ್ ಪಕ್ಕಪಕ್ಕ ಇರುವ ಜೋಡಿಗಳು, ಅಲ್ಲಿ ಸೂಜಿ ತಾಗಿದರೆ ಕಥೆ ಮುಗಿಯಿತು. ಉಗುರಿನಷ್ಟೇ ಇರುವ, ಎಲ್ಲವನ್ನೂ ಒಂದೇ ಕರಿ ತುಂಡಿನಲ್ಲಿ ಸೇರಿಸಿದ ಡ್ರೈವ್‌ಗಳಿಗೆ ಕಾಲೇ ಇರುವುದಿಲ್ಲ. ಅಲ್ಲಿ ಸಾಫ್ಟ್‌ವೇರ್‌ಗೆ ಸಿಕ್ಕರೆ ಸಿಕ್ಕಿತು.

ಸೆಟ್ಟಿಂಗ್‌ನಲ್ಲಿ ಸಿಲಿಕಾನ್ ಮೋಷನ್ ಟೂಲ್ ಪಾಸ್‌ವರ್ಡ್ ಕೇಳುತ್ತದೆ, 320. ಒಳಗೆ ಹತ್ತಾರು ಕಲಂ ಇದ್ದರೂ ನೋಡಬೇಕಾದ್ದು ಕೆಲವೇ. ಫೈಲ್ ಸಿಸ್ಟಂ ಫ್ಯಾಟ್32 ಇರಲಿ. ಟ್ರ್ಯಾಕ್ಟರ್ ಟೇಪ್, ಎಂಬ್ರಾಯ್ಡರಿ ಮಷೀನ್ ಬಹಳಷ್ಟು ಬೇರೆ ಯಾವುದನ್ನೂ ಓದುವುದಿಲ್ಲ. ಡಿಸ್ಕ್ ವಿಧ ರಿಮೂವಬಲ್ ಎಂದಿರಲಿ. ಸಿಡಿ ಪಾರ್ಟಿಶನ್ ಬೇಡ. ಸ್ಕ್ಯಾನ್ ಪೂರ್ತಿಯದ್ದೇ ಆಗಲಿ. ಚುಟುಕು ಸ್ಕ್ಯಾನ್ ಹಳೆಯ ಕೆಟ್ಟ ಬ್ಲಾಕ್ ಪಟ್ಟಿಯನ್ನೇ ನಂಬುತ್ತದೆ, ಹಾಳಾಗಿರುವುದೇ ಆ ಪಟ್ಟಿ. ಪೂರ್ತಿ ಸ್ಕ್ಯಾನ್‌ಗೆ ಗಂಟೆಗಟ್ಟಲೆ ಹಿಡಿಯಬಹುದು. ಏಪ್ರಿಲ್–ಮೇನ ನಮ್ಮ ಬಿಸಿಲಲ್ಲಿ ಫ್ಯಾನ್ ಕೆಳಗೆ ಇಡದಿದ್ದರೆ ಡ್ರೈವ್ ಕಾದು ನಡುವೆ ಸಂಪರ್ಕ ಕಡಿದುಕೊಳ್ಳುತ್ತದೆ.

ಇಸಿಸಿ (ತಪ್ಪಿದ ಬಿಟ್ ತಿದ್ದುವ ವ್ಯವಸ್ಥೆ) ಮಿತಿ ಅನ್ನುವ ಕಲಂ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಒಂದು ಬ್ಲಾಕಿನಲ್ಲಿ ಎಷ್ಟು ಬಿಟ್‌ವರೆಗೆ ತಪ್ಪಿದ್ದರೆ ಅದನ್ನು ಒಳ್ಳೆಯದೆಂದೇ ಸೇರಿಸಿಕೊಳ್ಳಬೇಕು ಎಂಬುದು ಅದರ ಅರ್ಥ. ಮಿತಿ ಏರಿಸಿದರೆ 16 ಜಿಬಿಗೆ 16 ಜಿಬಿಯೂ ಬರುತ್ತದೆ, ಗಿರಾಕಿ ಖುಷಿಯಾಗುತ್ತಾನೆ, ತಿಂಗಳೊಳಗೆ ಅದೇ ಡ್ರೈವ್ ಹಿಡಿದು ಮತ್ತೆ ಬರುತ್ತಾನೆ. ಕಾರಣ ಸರಳ. ತಪ್ಪುಗಳು ಇವತ್ತೇ ಗಡಿಗೆ ಬಂದಿರುವ ಬ್ಲಾಕ್ ನಾಲ್ಕು ಸಲ ಬರೆದ ಮೇಲೆ ಗಡಿ ದಾಟುತ್ತದೆ. ಮಿತಿ ತಗ್ಗಿಸಿ, 16ರಲ್ಲಿ 13 ಜಿಬಿ ಉಳಿದರೂ ಅದೇ ಸರಿ. ಅರ್ಧಕ್ಕಿಂತ ಕೆಳಗೆ ಇಳಿದರೆ ಕೊಡದಿರುವುದೇ ವಾಸಿ.

ನಡುವೆ ಕರೆಂಟ್ ಹೋದರೆ ಗಾಬರಿ ಬೇಡ. ಮದರ್‌ಬೋರ್ಡಿನ ಬಯೋಸ್ ಥರ ಇದು ಶಾಶ್ವತವಾಗಿ ಸಾಯುವುದಿಲ್ಲ. ರಾಮ್ ಹಾಗೇ ಇರುತ್ತದೆ, ಮೊದಲಿನಿಂದ ಹಚ್ಚಿದರಾಯಿತು. ಆದರೆ ಪ್ರತಿ ಸ್ಕ್ಯಾನ್ ಕೂಡ ಅಳಿಸಿ ಬರೆಯುವುದೇ, ಸವೆದ ಚಿಪ್ ಮೇಲೆ ಮತ್ತೆ ಮತ್ತೆ ಮಾಡುವ ಕೆಲಸವಲ್ಲ.

ಹಸಿರು ಬಂದು ಪಾಸ್ ಎಂದ ಮಾತ್ರಕ್ಕೆ ಕೈಗೆ ಕೊಡಬೇಡಿ. ಕಿತ್ತು ಮತ್ತೆ ಚುಚ್ಚಿ, ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಪರೀಕ್ಷೆಯ ಸಾಫ್ಟ್‌ವೇರ್‌ನಲ್ಲಿ ತುದಿಯವರೆಗೆ ಬರೆದು ವಾಪಸ್ ಓದಿಸಿ. ಸೆಕೆಂಡಿಗೆ 10 ಎಂಬಿ ಬರೆಯುವ 32 ಜಿಬಿ ಡ್ರೈವ್‌ಗೆ ಬರೆಯಲಿಕ್ಕೇ ಸುಮಾರು 53 ನಿಮಿಷ ಬೇಕು, ಗಿರಾಕಿಗೆ ಸಂಜೆ ಬರಲು ಹೇಳಿ. ಒಂದೇ ಒಂದು ಸೆಕ್ಟರ್ ತಪ್ಪು ತೋರಿಸಿದರೂ ಇಸಿಸಿ ಮಿತಿ ಇನ್ನೂ ಇಳಿಸಿ ಮತ್ತೊಮ್ಮೆ ಮಾಡಿ, ಅದಕ್ಕೂ ಬಗ್ಗದಿದ್ದರೆ ಬಿಟ್ಟುಬಿಡಿ.

ಸಂತೆಯಲ್ಲಿ ಸಿಗುವ ಅಗ್ಗದ 2 ಟಿಬಿ ಡ್ರೈವ್‌ಗಳದ್ದು ಬೇರೆ ಕಥೆ. ಅವು ಕೆಟ್ಟಿರುವುದಿಲ್ಲ. ಯಾರೋ ಇದೇ ಟೂಲ್‌ನಿಂದ ಸುಳ್ಳು ಸೈಜ್ ಬರೆದಿರುತ್ತಾರೆ, ಅಸಲಿ ಜಾಗ ತುಂಬಿದ ಮೇಲೆ ಹಾಕಿದ ಫೈಲುಗಳು ಹಾಳಾಗಿ ಬರುತ್ತವೆ. ಪೂರ್ತಿ ಸ್ಕ್ಯಾನ್ ಮಾಡಿದರೆ ಅಸಲಿ ಸೈಜ್, 8 ಜಿಬಿಯೋ 16 ಜಿಬಿಯೋ, ಹೊರಬೀಳುತ್ತದೆ. ಮುಗಿದ ಡ್ರೈವ್ ಕೊಡುವಾಗ ಹೊಸ ಸೈಜನ್ನು ಮಾರ್ಕರ್‌ನಿಂದ ಕವರಿನ ಮೇಲೇ ಬರೆಯಿರಿ, ಹಾಡು, ಡಿಸೈನ್‌ಗೆ ಮಾತ್ರ, ಲೆಕ್ಕಪತ್ರಕ್ಕೆ ಬೇಡ ಎಂದು ಹೇಳಿ ಕಳಿಸಿ.