ಕುಮಾನೋದೈರ: ಉಸುಯಿ ಘಟ್ಟದ ನಡುವಿನ ನಿಲ್ದಾಣ

ನಾನು ನೆಲೆಸಿರುವ ಜಪಾನಿನ ಗುನ್ಮಾ ಪ್ರಾಂತ್ಯಕ್ಕೆ ಊರಿನಿಂದ ಯಾರೇ ಬಂದರೂ ಅವರನ್ನು ಉಸುಯಿ ಘಟ್ಟದ ಹಳೆಯ ರೈಲುದಾರಿಗೆ ಕರೆದೊಯ್ಯುತ್ತೇನೆ. ಯೊಕೊಕಾವಾದಿಂದ ಕರುಯಿಜಾವಾಕ್ಕೆ ಇರುವ ದೂರ ಸುಮಾರು 11 ಕಿ.ಮೀ. ಮಾತ್ರ, ಅಷ್ಟರಲ್ಲೇ ರೈಲು 550 ಮೀಟರಿಗೂ ಹೆಚ್ಚು ಎತ್ತರಕ್ಕೆ ಏರಬೇಕಿತ್ತು. ಹದಿನೈದು ಮೀಟರಿಗೆ ಒಂದು ಮೀಟರ್ ಏರುವಷ್ಟು ಕಡಿದಾದ ಈ ದಾರಿಯಲ್ಲಿ ಗಾಲಿಗಳು ಜಾರದಂತೆ, ಹಳಿಗಳ ನಡುವೆ ಹಲ್ಲಿನ ಪಟ್ಟಿಯನ್ನು ಹಾಸಿ, ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಮೇಲೇರುವ ಆಪ್ಟ್ ಪದ್ಧತಿಯನ್ನು 1893ರಲ್ಲಿ ಅಳವಡಿಸಿದರು. ಮೆಟ್ಟುಪಾಳ್ಯದಿಂದ ಕೂನೂರಿಗೆ ಹತ್ತುವ ಊಟಿ ರೈಲಿನಲ್ಲಿ ಇರುವುದೂ ಇದೇ ಪದ್ಧತಿ. ಇಲ್ಲಿನ 26 ಸುರಂಗಗಳಲ್ಲಿ ತುಂಬಿಕೊಳ್ಳುತ್ತಿದ್ದ ಹೊಗೆಗೆ ಸಿಬ್ಬಂದಿಯ ಉಸಿರು ಕಟ್ಟುತ್ತಿದ್ದುದರಿಂದ 1912ರಲ್ಲೇ ವಿದ್ಯುತ್ ಎಂಜಿನ್‌ಗಳು ಬಂದವು.

ಬಂದವರಲ್ಲಿ ಹೆಚ್ಚಿನವರು ನಾಲ್ಕು ಕಮಾನುಗಳ ಕೆಂಪು ಇಟ್ಟಿಗೆಯ ಮೆಗಾನೆ ಸೇತುವೆಯ ಮೇಲೆ ಚಿತ್ರ ತೆಗೆದುಕೊಂಡು ಹಿಂದಿರುಗುತ್ತಾರೆ. ಸೇತುವೆ ಸುಂದರವಾಗಿದೆ, ನಿಜ. ಆದರೆ ಈ ದಾರಿಯನ್ನು ನಡೆಸಿದವರ ಬದುಕು ಅರಿವಾಗಬೇಕಾದರೆ ಇನ್ನಷ್ಟು ಸುರಂಗಗಳನ್ನು ದಾಟಿ ಕುಮಾನೋದೈರಕ್ಕೆ ಹೋಗಲೇಬೇಕು ಎಂದು ನಾನು ಹಟ ಹಿಡಿಯುತ್ತೇನೆ.

ಎಂಜಿನ್‌ಗಳು ನೀರು, ಕಲ್ಲಿದ್ದಲು ತುಂಬಿಕೊಳ್ಳಲು, ಎದುರಿನ ರೈಲಿಗೆ ದಾರಿ ಬಿಡಲು ಬೆಟ್ಟಗಳ ನಡುವೆ ದೊರೆತ ತುಂಡು ಸಮತಟ್ಟು ನೆಲವಿದು, 1906ರಲ್ಲಿ ನಿಲ್ದಾಣವಾಯಿತು. 1950ರ ಜೂನ್‌ನಲ್ಲಿ ಇಲ್ಲಿ ಗುಡ್ಡ ಕುಸಿದು ರೈಲ್ವೆ ಕೆಲಸಗಾರರೂ ಅವರ ಕುಟುಂಬದವರೂ ಸೇರಿ 50 ಮಂದಿ ಮಡಿದರು. ಅವರ ನೆನಪಿಗೆ ನಿಲ್ಲಿಸಿದ ತಾಯಿ–ಮಗುವಿನ ಪ್ರತಿಮೆಯ ಮುಂದೆ ನಿಂತಾಗ, ಆ ಕೆಲಸಗಾರರ ಮನೆಮಂದಿಯೂ ಇದೇ ಇಳಿಜಾರಿನ ಬುಡದಲ್ಲಿ ಬಾಳುತ್ತಿದ್ದರೆಂಬುದು ಮನಸ್ಸಿಗೆ ತಟ್ಟುತ್ತದೆ.

1963ರಲ್ಲಿ ಹೊಸ ಮಾರ್ಗ ಬಂದು ಹಲ್ಲಿನ ಪಟ್ಟಿ ಬೇಡವಾಯಿತು. 1966ರಲ್ಲಿ ಕುಮಾನೋದೈರ ನಿಲ್ದಾಣದ ಸ್ಥಾನವನ್ನು ಕಳೆದುಕೊಂಡಿತು. 1997ರಲ್ಲಿ ನಾಗಾನೋಗೆ ಶಿಂಕಾನ್ಸೆನ್ ಬುಲೆಟ್ ರೈಲು ಓಡತೊಡಗಿದಾಗ ಘಟ್ಟದ ಸಂಚಾರವೇ ನಿಂತಿತು. ಮೆಗಾನೆ ಸೇತುವೆಗೆ ಅದಕ್ಕೂ ಮೊದಲೇ, 1993ರಲ್ಲಿ, ರಾಷ್ಟ್ರದ ಪ್ರಮುಖ ಸಾಂಸ್ಕೃತಿಕ ಆಸ್ತಿಯೆಂಬ ಮನ್ನಣೆ ದೊರೆತಿತ್ತು. ಹಳೆಯ ರೈಲುದಾರಿಯಲ್ಲಿ ಮಾಡಿದ ಕಾಲುದಾರಿ ಕುಮಾನೋದೈರದವರೆಗೆ ತೆರೆದದ್ದು 2012ರಲ್ಲಿ. ಇಲ್ಲಿನ ಹಳಿಗಳನ್ನು ಕೀಳದೆ, ಹೊಸ ಬಣ್ಣ ಬಳಿದು ಮೆರೆಸದೆ, ಸುರಂಗದ ಬಾಯಿಗಳೊಡನೆ ಇದ್ದಂತೆಯೇ ಉಳಿಸಿದ್ದು ನನಗೆ ಅತ್ಯಂತ ಸರಿಯೆನಿಸುತ್ತದೆ.

ಯೊಕೊಕಾವಾದಿಂದ ಇಲ್ಲಿಗೆ ಸುಮಾರು 6 ಕಿ.ಮೀ. ಏರುದಾರಿ. ಸುರಂಗಗಳ ದೀಪಗಳನ್ನು ಸಂಜೆ ಆರಿಸುವುದರಿಂದ ಬೆಳಿಗ್ಗೆಯೇ ಹೊರಡುವುದು ಒಳ್ಳೆಯದು.