ತಾಮ್ರ ಎಷ್ಟು ಅಂತ ಕೇಳುವ ಮೊದಲು

ಹಾಸನದ ಲ್ಯಾಬ್‌ನಲ್ಲಿ ಕೂತು ಸಮುದ್ರದ ಕೆಸರು ಪರೀಕ್ಷೆ ಮಾಡುತ್ತೇನೆ ಅಂದರೆ ಜನ ನಗುತ್ತಾರೆ. ಆದರೆ ಸಕಲೇಶಪುರ ದಾಟಿದರೆ ಸಾಕು, ನೀರು ಪಶ್ಚಿಮಕ್ಕೆ ತಿರುಗುತ್ತದೆ. ಕೆಂಪುಹೊಳೆ ಘಾಟಿ ಇಳಿದು ಕುಮಾರಧಾರೆಯ ದಾರಿ ಹಿಡಿಯುತ್ತದೆ, ಉಪ್ಪಿನಂಗಡಿಯಲ್ಲಿ ನೇತ್ರಾವತಿ, ಕೊನೆಗೆ ಮಂಗಳೂರಿನ ಅಳಿವೆ. ಮಲೆನಾಡಿನ ತೋಟಗಳಲ್ಲಿ ಮಳೆಗೆ ಮುಂಚೆ ಶಿಲೀಂಧ್ರ ರೋಗ ತಡೆಯಲು ಬೋರ್ಡೋ ದ್ರಾವಣ ಹೊಡೆಯುತ್ತಾರಲ್ಲ, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, ಅದರ ತಾಮ್ರ ಮಣ್ಣಿಗೆ ಅಂಟುತ್ತದೆ. ಮಣ್ಣು ಕೊಚ್ಚಿಹೋದರೆ ತಾಮ್ರವೂ ಹೋಗುತ್ತದೆ. ಹಾಗಂತ ಅಳಿವೆಯ ತಾಮ್ರವನ್ನೆಲ್ಲ ಬೆಳೆಗಾರರ ತಲೆಗೆ ಕಟ್ಟುವಂತಿಲ್ಲ. ದೋಣಿಯ ತಳಕ್ಕೆ ಬಳಿಯುವ ಬಣ್ಣದಲ್ಲೂ ತಾಮ್ರ ಇರುತ್ತದೆ.

ಹೊಸದಾಗಿ ಸೇರಿದ ಹುಡುಗರು ರಿಪೋರ್ಟ್ ಕೈಗೆ ಬಂದ ಕೂಡಲೇ ಅಂಕಿ ನೋಡುತ್ತಾರೆ. "ಸರ್, ಇಲ್ಲಿಗಿಂತ ಅಲ್ಲಿ ಮೂರು ಪಟ್ಟು ಜಾಸ್ತಿ, ಅಲ್ಲೇ ಮಾಲಿನ್ಯ ಅಲ್ವಾ?" ಅದು ಮರಳೋ ಜೇಡಿಯೋ ಅಂತ ಕೇಳಿದರೆ ಸುಮ್ನಾಗುತ್ತಾರೆ.

ಇಡೀ ಕೆಲಸ ನಿಂತಿರುವುದು ಇಲ್ಲೇ. ಲೋಹ ಹೆಚ್ಚಾಗಿ ಅಂಟುವುದು ನುಣ್ಣನೆಯ ಕಣಕ್ಕೆ, ಕೊಳೆತ ಎಲೆಗೊಬ್ಬರದಂಥ ವಸ್ತುವಿಗೆ. ಮರಳು ಎಷ್ಟೇ ಕೊಳಕು ಜಾಗದ್ದಾದರೂ ಕಡಿಮೆ ತೋರಿಸುತ್ತದೆ. ಅದಕ್ಕೇ 63 ಮೈಕ್ರಾನ್ ಜರಡಿ ಹಿಡಿದು, ಕೆಳಗಿಳಿದ ನುಣುಪನ್ನು ಮಾತ್ರ ಹೋಲಿಸುತ್ತೇವೆ. ಜರಡಿ ನೈಲಾನಿನದು, ಹಿತ್ತಾಳೆಯದಾದರೆ ಅದರ ತಾಮ್ರವೇ ರಿಪೋರ್ಟಿಗೆ ಬಂದುಬಿಡುತ್ತದೆ! ಜೊತೆಗೆ ಅಲ್ಯೂಮಿನಿಯಂ ಕೂಡ ಅಳೆಯುತ್ತೇವೆ. ಜೇಡಿ ಜಾಸ್ತಿಯಾದಷ್ಟೂ ಅದು ಸಹಜವಾಗಿ ಜಾಸ್ತಿ. ತಾಮ್ರ ಅದನ್ನು ಮೀರಿ ಏರಿದ್ದರೆ ಮಾತ್ರ ಹೊರಗಿನಿಂದ ಬಂದಿರಬಹುದು ಅಂತ ಹುಡುಕಲು ಶುರು ಮಾಡುತ್ತೇನೆ.

ಕೆಸರು ಎತ್ತುವಾಗಲೂ ಅಷ್ಟೇ. ಲೋಹಕ್ಕಾದರೆ ಪ್ಲಾಸ್ಟಿಕ್ ಚಮಚ, ಕೀಟನಾಶಕಕ್ಕಾದರೆ ಸ್ಟೀಲ್ ಚಮಚ, ಗಾಜಿನ ಬಾಟಲಿ. ತಳದಿಂದ ಕೆಸರು ಎತ್ತುವ ಉಪಕರಣದ ಗೋಡೆಗೆ ತಾಗಿದ್ದನ್ನು ಬಿಟ್ಟು ನಡುವಿನದನ್ನು ತೆಗೆಯಬೇಕು.

ಚಿಪ್ಪುಜೀವಿಗಳದ್ದು ಬೇರೆಯೇ ಕಥೆ. ಪಚ್ಚಿಲೆ, ಮರುವಾಯಿ ಒಂದೇ ಕಡೆ ಇದ್ದು ದಿನವಿಡೀ ನೀರು ಸೋಸುತ್ತವೆ, ಆ ನೀರಿನ ಲೋಹ ಅವುಗಳ ಮೈಯಲ್ಲಿ ಸೇರಿಕೊಳ್ಳುತ್ತದೆ. ಅಮೆರಿಕದವರು 1986ರಿಂದಲೇ ಅವುಗಳ ಮೂಲಕ ತಮ್ಮ ಕರಾವಳಿಯ ಮೇಲೆ ಕಣ್ಣಿಟ್ಟಿದ್ದಾರೆ. ಆದರೆ ತಂದ ತಕ್ಷಣ ಕತ್ತರಿಸಿದರೆ ಹೊಟ್ಟೆಯಲ್ಲಿನ ಕೆಸರನ್ನೂ ಸೇರಿಸಿ ಅಳೆದಂತೆ. ಶುದ್ಧ ಸಮುದ್ರದ ನೀರಿನಲ್ಲಿ ಸುಮಾರು ಒಂದು ದಿನ ಬಿಟ್ಟು ಹೊಟ್ಟೆ ಖಾಲಿ ಮಾಡಿಸಬೇಕು. ಗಾತ್ರವೂ ಒಂದೇ ಇರಬೇಕು. ಮೊಟ್ಟೆ ಇಡುವ ಕಾಲದಲ್ಲಿ ಮಾಂಸದ ತೂಕವೇ ಬದಲಾಗುತ್ತದೆ, ಹಾಗಾಗಿ ತಿಂಗಳು ಬರೆಯದ ಸ್ಯಾಂಪಲ್ ನನಗೆ ಬೇಡ. ಕರಾವಳಿಯಿಂದ ಐಸ್ ಪೆಟ್ಟಿಗೆ ಬಂದಾಗ ನಾನು ಮೊದಲು ಓದುವುದು ಚೀಟಿಯನ್ನು. "ಹೊಟ್ಟೆ ಖಾಲಿ ಮಾಡಿದೆಯೇ" ಅನ್ನುವ ಕಾಲಂ ತುಂಬಿಲ್ಲ ಅಂದರೆ, ಪೆಟ್ಟಿಗೆ ಬಿಚ್ಚುವ ಮೊದಲೇ ಅವರಿಗೆ ಫೋನ್ ಹೋಗುತ್ತದೆ.