ನುಗ್ಗಿ ಬರುವ ಎಂಡ್‌ನನ್ನು ಯಾರು ತಡೆಯಬೇಕು?

ಜಾರ್ಜಿಯಾ ರಾಜ್ಯದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವ ನಾನು ಅಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡದ ಸಹಾಯಕ ಕೋಚ್ ಕೂಡ ಹೌದು. ಪಂದ್ಯದ ರಾತ್ರಿ ಪ್ರೆಸ್‌ಬಾಕ್ಸಿನಲ್ಲಿ ಹೆಡ್‌ಸೆಟ್ ಹಾಕಿಕೊಂಡು ಕೂರುತ್ತೇನೆ. ಕೋಚ್ ಪಾಲ್ ಜಾನ್ಸನ್ 2008ರಿಂದ 2018ರವರೆಗೆ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಆಡಿಸಿದ ಫ್ಲೆಕ್ಸ್‌ಬೋನ್ ಟ್ರಿಪಲ್ ಆಪ್ಷನ್ನನ್ನೇ ನಾವೂ ಆಡಿಸುತ್ತೇವೆ. ಆಟ ನಡೆಸುವ ಕ್ವಾರ್ಟರ್‌ಬ್ಯಾಕ್, ಎದುರಾಳಿ ಏನು ಮಾಡುತ್ತಾನೆಂದು ನೋಡಿ (ಇದೇ ‘ರೀಡ್’), ಚೆಂಡನ್ನು ನಡುವೆ ನುಗ್ಗುವ ಫುಲ್‌ಬ್ಯಾಕ್‌ಗೆ ಕೊಡುವುದೋ, ತಾನೇ ಓಡುವುದೋ, ಪಕ್ಕದವನಿಗೆ ಎಸೆಯುವುದೋ ಎಂದು ಆ ಕ್ಷಣದಲ್ಲೇ ನಿರ್ಧರಿಸುವ ಆಟ ಅದು. ಕಳೆದ ಸೀಸನ್ನಿನ ಒಂದು ಪಂದ್ಯದ ಎರಡನೇ ಕ್ವಾರ್ಟರ್ ಇಂದಿಗೂ ಚುಚ್ಚುತ್ತದೆ.

ಎದುರಾಳಿಯ ಫ್ರಂಟ್, ಅಂದರೆ ರಕ್ಷಣೆಯ ಮುಂಚೂಣಿ ಸಾಲು, ಕಾದು ನೋಡುವ ಜಾತಿಯದಾಗಿರಲಿಲ್ಲ. ಚೆಂಡು ಕದಲಿತೆಂದರೆ ನಾಲ್ವರೂ ನುಗ್ಗುತ್ತಿದ್ದರು. ಇನ್‌ಸೈಡ್ ವೀರ್ ಎಂಬ ಆಪ್ಷನ್ ಆಟದಲ್ಲಿ ನಾವು ಬ್ಲಾಕ್ ಮಾಡದೆ (ಅಡ್ಡ ನಿಂತು ತಡೆಯದೆ) ಬಿಡುವ ಡೈವ್ ಕೀ, ಅಂದರೆ ಅವರ ಸಾಲಿನ ತುದಿಯಲ್ಲಿರುವ ಎಂಡ್, ಫುಲ್‌ಬ್ಯಾಕ್ ಮೇಲೆ ಬಿದ್ದರೆ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ತಾನೇ ಇಟ್ಟುಕೊಂಡು ಹೊರಬದಿಗೆ ಓಡಬೇಕು. ನಮ್ಮ ಹುಡುಗ ಹಾಗೆಯೇ ಓಡಿದ; ಎರಡು ಹೆಜ್ಜೆ ಇಡುವಷ್ಟರಲ್ಲಿ ನೆಲಕ್ಕುರುಳಿದ. ಮುಂದಿನ ಸರಣಿಯಲ್ಲೂ ಅದೇ ಕಥೆ. ಅದರ ಮುಂದಿನದರಲ್ಲಿ ಚೆಂಡೇ ಕೈಜಾರಿ ಅವರ ಪಾಲಾಯಿತು. ಸೈಡ್‌ಲೈನಿನ ಟ್ಯಾಬ್ಲೆಟ್ಟಿಗೆ ವೈಫೈ ಸಿಗದೆ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ರೀಡ್ ತಪ್ಪಿತೆಂದು ಹೆಡ್ ಕೋಚ್ ಗದರಿದರು. ಲೈನ್ ಕೋಚ್ ಎಂದಿನಂತೆ 1968ರ ಟೆಕ್ಸಸ್ ತಂಡವನ್ನು ನೆನಪಿಸಿದರು: ವಿಶ್‌ಬೋನ್ ಎಂಬ ಹಳೆಯ ಆಪ್ಷನ್ ವ್ಯೂಹದ ಮೊದಲೆರಡು ಪಂದ್ಯಗಳಲ್ಲಿ ಗೆಲುವು ಕಾಣದೆ, ಫುಲ್‌ಬ್ಯಾಕ್‌ನನ್ನು ತುಸು ಹಿಂದೆ ನಿಲ್ಲಿಸಿದ ಮೇಲೆ ಸತತ 30 ಪಂದ್ಯ ಗೆದ್ದ ತಂಡ ಅದು. ರೀಡ್ ಮಾಡಲು ಸಮಯ ಸಾಲದಿದ್ದರೆ ಆ ಮದ್ದು ಸರಿಯೇ. ಆದರೆ ಹುಡುಗ, ‘ಕೋಚ್, ಎಂಡ್ ಒಳಗೇ ಬಂದ. ನನ್ನನ್ನು ಕೆಡವಿದ್ದು ಅವನಲ್ಲ’ ಎಂದು ಹೇಳುತ್ತಲೇ ಇದ್ದ. ಹೆಡ್‌ಸೆಟ್ಟಿನಲ್ಲಿ ನನಗೂ ಕೇಳಿಸಿತ್ತು. ನಮ್ಮಲ್ಲಿ ಯಾರೂ ಕಿವಿಗೊಡಲಿಲ್ಲ.

ಚೆಂಡನ್ನು ಬಿಟ್ಟು ನಮ್ಮ ತಡೆಯುವ ಸಾಲಿನ ಹೊರತುದಿಯ ಟ್ಯಾಕಲ್‌ನ ಮೇಲೆ ಕಣ್ಣಿಟ್ಟಾಗಲೇ ಗುಟ್ಟು ಹೊರಬಿತ್ತು. ಅವನು ಎಂದಿನ ಹಾಗೆ ಎಂಡ್‌ನ ಒಳಬದಿಯಿಂದ, ಅವರ ಸಾಲಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರನನ್ನು ಹುಡುಕಿ ಹೋಗುತ್ತಿದ್ದ, ಅಲ್ಲಿ ಬರಿಯ ಹುಲ್ಲಿತ್ತು. ಎಂಡ್ ಒಳನುಗ್ಗಿದ ಕ್ಷಣವೇ ಲೈನ್‌ಬ್ಯಾಕರ್ ಅವನ ಹಿಂದಿನಿಂದ ಹೊರಕ್ಕೆ ಜಾರಿ, ಅಂದರೆ ಸ್ಕ್ರೇಪ್ ಆಗಿ, ನೇರವಾಗಿ ಕ್ವಾರ್ಟರ್‌ಬ್ಯಾಕ್‌ನ ಎದೆಗೆ ಬರುತ್ತಿದ್ದ. ನಾವು ಕಲಿಸಿದ ರೀಡನ್ನೇ ಅವರು ಬಲೆಯಾಗಿಸಿಕೊಂಡಿದ್ದರು.

ಎಂಡ್‌ನನ್ನು ಬ್ಲಾಕ್ ಮಾಡಲು ಇನ್ನೊಬ್ಬನನ್ನು ಹಾಕೋಣವೆಂದು ಹೆಡ್ ಕೋಚ್ ಹಟ ಹಿಡಿದರು. ಹಾಗೆ ಮಾಡಿದರೆ ಆಪ್ಷನ್ ಏಕೆ ಬೇಕು? ನುಗ್ಗುವವನನ್ನು ನುಗ್ಗಲು ಬಿಟ್ಟು, ಅವನಿಗಾಗಿ ಖರ್ಚಾಗಬೇಕಿದ್ದ ಬ್ಲಾಕರನನ್ನು ಬೇರೆಡೆ ಉಳಿಸಿಕೊಳ್ಳುವುದರಲ್ಲೇ ಈ ಆಟದ ಲಾಭವಿದೆ. ಬಿಡುವಿನ ವೇಳೆಯಲ್ಲಿ ವಾದ ಮಾಡಿ, ಟ್ಯಾಕಲ್‌ಗೆ ಲೂಪ್ ರಿಲೀಸ್ ಹೇಳಿಸಿದೆ: ಎಂಡ್‌ನ ಹೊರಗಿನಿಂದ ಸುತ್ತಿ, ಸ್ಕ್ರೇಪ್ ಆಗಿ ಬರುವ ಲೈನ್‌ಬ್ಯಾಕರನನ್ನು ಎದುರಿಸಬೇಕು. ಎಲ್ಲರಿಗಿಂತ ಮೊದಲು ಒಳಬೀಳುತ್ತಿದ್ದ ಅವರ ತ್ರೀ-ಟೆಕ್ನಿಕ್‌ನ (ಟ್ಯಾಕಲ್‌ನ ಒಳಪಕ್ಕದ ನಮ್ಮ ಗಾರ್ಡ್‌ನ ಎದುರು ನಿಲ್ಲುವವನು) ಮೇಲೆ ಮಿಡ್‌ಲೈನ್, ಅಂದರೆ ನಡುವಿನಲ್ಲೇ ನಡೆಯುವ ಆಪ್ಷನ್, ಕರೆದೆವು. ಅವನನ್ನೂ ಬ್ಲಾಕ್ ಮಾಡದೆ ಬಿಟ್ಟು, ಗಾರ್ಡ್‌ನನ್ನು ಲೈನ್‌ಬ್ಯಾಕರನ ಮೇಲೆ ಕಳಿಸಿದೆವು. ಎಲ್ಲರೂ ಒಳಗೆ ಕಿಕ್ಕಿರಿದಾಗ, ಹೊರಬದಿಗೆ ಓಡುವವನಿಗೆ ಚೆಂಡೆಸೆಯುವ ರಾಕೆಟ್ ಟಾಸ್. ಮಿಡ್‌ಲೈನ್‌ನಲ್ಲಿ ನಮ್ಮ ಹುಡುಗ ಆ ತ್ರೀ-ಟೆಕ್ನಿಕ್‌ನ ಬೆನ್ನ ಪಕ್ಕದಲ್ಲೇ ಹಾದುಹೋದಾಗ, ಆತ ಖಾಲಿ ಕೈಯ ಫುಲ್‌ಬ್ಯಾಕ್‌ನನ್ನು ತಬ್ಬಿಕೊಂಡು ನಿಂತಿದ್ದ. ಮೂರನೇ ಕ್ವಾರ್ಟರ್ ಪೂರ್ತಿ ನಮ್ಮದಾಯಿತು.

ನಾಲ್ಕನೆಯದರಲ್ಲಿ ಅವರು ಹಿಂದೆ ಪಾಸ್ ಕಾಯುವ ಸೇಫ್ಟಿಯನ್ನೂ ಮುಂದಕ್ಕೆ ತಂದರು. ಓಟದಂತೆ ನಟಿಸಿ ಎಸೆಯುವ ಪ್ಲೇ-ಆಕ್ಷನ್ ಪಾಸ್‌ಗೆ ಅದಕ್ಕಿಂತ ಒಳ್ಳೆಯ ಹೊತ್ತಿರಲಿಲ್ಲ, ಆದರೆ ಪಾಸ್ ಅಭ್ಯಾಸಕ್ಕೆ ನಾವು ವಾರದಲ್ಲಿ ಕೊಡುತ್ತಿದ್ದ ಸಮಯ ಅತ್ಯಲ್ಪ. ಕಾಯುವವರಿಲ್ಲದೆ ನಿಂತಿದ್ದ ರಿಸೀವರನ ಕೈಯಿಂದ ಚೆಂಡು ಜಾರಿತು, ಪಂದ್ಯ ಸೋತೆವು. ಸೋಮವಾರದ ಸಭೆಯಲ್ಲಿ ಆಡಳಿತದವರು ಕೇಳಿದ್ದು, ಈ ಹಳೆಯ ಆಟ ಬಿಟ್ಟು, ಆಟಗಾರರನ್ನು ಅಗಲಕ್ಕೆ ಹರಡಿ ಆಡಿಸುವ ಸ್ಪ್ರೆಡ್‌ಗೆ ಯಾವಾಗ ಬದಲಾಗುತ್ತೀರಿ ಎಂಬುದನ್ನು ಮಾತ್ರ. ವೈಫೈ ವಿಷಯ ಎತ್ತಿದ್ದಕ್ಕೆ, ಬಜೆಟ್ ಮುಂದಿನ ವರ್ಷ ನೋಡೋಣ ಎಂದರು.